ಸುಂಕದ ಬಿಲ್ಲು ಗಿರಾಕಿಯ ಬಾಗಿಲಿಗೆ ಹೋಗಬಾರದು: ವಿದೇಶಕ್ಕೆ ಪಾರ್ಸೆಲ್ ಕಳಿಸುವ ಗಡಿನಾಡಿನ ಸಣ್ಣ ಮಾರಾಟಗಾರರಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನವರಿಗೆ ಚೆಕ್‌ಪೋಸ್ಟ್ ಹೊಸದಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬರುವ ತನಕ, ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟ್ ಹತ್ತಿರ ಸಾಲು ನಿಂತ ಲಾರಿಗಳ ಪಕ್ಕದಲ್ಲೇ ನಾವು ಮಂಗಳೂರಿಗೆ ಹೋಗಿ ಬರುತ್ತಿದ್ದೆವು. ಕಾಗದ ಸರಿ ಇದ್ದ ಲಾರಿ ಮುಂದೆ ಹೋಗುತ್ತಿತ್ತು. ಒಂದು ಬಿಲ್ ಕಮ್ಮಿ ಇದ್ದದ್ದು ಅಲ್ಲೇ ನಿಲ್ಲುತ್ತಿತ್ತು. ಈಗ ನಮ್ಮ ಅರ್ಧ ಕಿಲೋದ ಪಾರ್ಸೆಲ್‌ಗೂ ಅದೇ ಗತಿ ಬಂದಿದೆ. ಗೇಟು ಮಾತ್ರ ಸಮುದ್ರದಾಚೆ ಇದೆ.

ನಮ್ಮದು ಬದಿಯಡ್ಕದ ಕಡೆ. ಮನೆಯಲ್ಲಿ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಬಟ್ಟಲು, ಸೌಟು, ಲೋಟ ಮಾಡುತ್ತೇವೆ. ಉಜ್ಜುವುದು, ನಯ ಮಾಡುವುದು ಅತ್ತಿಗೆಯ ಕೆಲಸ. ಫೋಟೊ, ಎಟ್ಸಿ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿರುವ ಅಂಗಡಿ, ಪಾರ್ಸೆಲ್ ನನ್ನದು. 2025ರ ಆಗಸ್ಟ್ ಕೊನೆಯ ವಾರ ಅಮೆರಿಕಕ್ಕೆ ಒಂದು ಜೊತೆ ಬಟ್ಟಲು ಕೊರಿಯರ್‌ನಲ್ಲಿ ಕಳಿಸಿದೆ. ಬೆಲೆ 42 ಡಾಲರ್. ಪಾರ್ಸೆಲ್ ಅಲ್ಲಿಗೆ ಮುಟ್ಟುವಾಗ ಸೆಪ್ಟೆಂಬರ್ ಬಂದಿತ್ತು. ಗಿರಾಕಿಗೆ ಬಾಗಿಲಲ್ಲಿ 34 ಡಾಲರ್ ಕೇಳಿದರು. ಅವರು ಬೇಡ ಅಂದರು. ವಾಪಸ್ ತರಿಸಲು ಕೇಳಿದ ಹಣ ಬಟ್ಟಲಿನ ಬೆಲೆಗಿಂತ ಜಾಸ್ತಿ. ಕೊನೆಗೆ ಅದನ್ನು ಅಲ್ಲೇ ಬಿಟ್ಟೆವು. ಗಿರಾಕಿಗೆ ಪೂರ್ತಿ ಹಣ ಹಿಂದೆ ಕೊಟ್ಟೆವು. ಅತ್ತಿಗೆ ಎರಡು ದಿನ ಉಜ್ಜಿದ ಬಟ್ಟಲು ಅದು.

ಆವತ್ತು ನನಗೆ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ಸುಂಕದ ದರ ದೊಡ್ಡದು ಅನ್ನುವುದಕ್ಕಿಂತ, ಅದನ್ನು ಯಾರಿಂದ, ಯಾವಾಗ, ಎಲ್ಲಿ ಕೇಳುತ್ತಾರೆ ಅನ್ನುವುದು ನಮ್ಮಂಥವರನ್ನು ಮುಳುಗಿಸುತ್ತದೆ. ಮೊದಲೇ ಗೊತ್ತಿದ್ದರೆ 34 ಡಾಲರನ್ನು ಬೆಲೆಯಲ್ಲಿ ಹಂಚಬಹುದಿತ್ತು. ಅಥವಾ ಆ ಆರ್ಡರ್ ತಗೊಳ್ಳದೇ ಇರಬಹುದಿತ್ತು. ಬಾಗಿಲಲ್ಲಿ ಕೇಳಿದಾಗ ಎರಡೂ ಆಗುವುದಿಲ್ಲ. ಕೆಳಗಿನ ಹಂತಗಳೆಲ್ಲ ಸುಂಕವನ್ನು ಗಿರಾಕಿಯ ಬಾಗಿಲಿನಿಂದ ನಮ್ಮ ಲೆಕ್ಕದ ಪುಸ್ತಕಕ್ಕೆ ಎಳೆದು ತರುವ ಕೆಲಸ.

ಆದದ್ದೇನು?

ಅಮೆರಿಕದಲ್ಲಿ 800 ಡಾಲರ್‌ವರೆಗಿನ ಸಣ್ಣ ಪಾರ್ಸೆಲ್‌ಗೆ ಸುಂಕ ಇರಲಿಲ್ಲ. 2016ರಲ್ಲಿ ಆ ಮಿತಿಯನ್ನು 200ರಿಂದ 800ಕ್ಕೆ ಏರಿಸಿದ್ದರು. ಇದಕ್ಕೆ ಡಿ ಮಿನಿಮಿಸ್ ವಿನಾಯಿತಿ ಅನ್ನುತ್ತಾರೆ. ನಮ್ಮಂಥ ಮನೆ ಅಂಗಡಿಗಳು ಹುಟ್ಟಿದ್ದೇ ಈ ವಿನಾಯಿತಿಯ ನೆರಳಲ್ಲಿ. ಚೀನಾ, ಹಾಂಗ್‌ಕಾಂಗ್ ಮಾಲಿಗೆ ಅದು 2025ರ ಮೇ 2ಕ್ಕೆ ನಿಂತಿತು. ಆಗಸ್ಟ್ 29ಕ್ಕೆ ಎಲ್ಲ ದೇಶಗಳಿಗೂ ನಿಂತಿತು.

ಅದೇ ತಿಂಗಳು ಭಾರತದ ಮಾಲಿನ ಮೇಲೆ ಸುಂಕವೂ ಏರಿತು. ಆಗಸ್ಟ್ 7ರಿಂದ ಶೇ. 25, ಆಗಸ್ಟ್ 27ರಿಂದ ಇನ್ನೊಂದು ಶೇ. 25. ಎರಡನೇ ಏರಿಕೆ, ವಿನಾಯಿತಿ ನಿಂತದ್ದು, ಈ ಎರಡು ಪೆಟ್ಟು ಎರಡು ದಿನದ ಅಂತರದಲ್ಲಿ ಬಿದ್ದವು. ಮುಂಚೆ ಸುಂಕವೇ ಇಲ್ಲದ ಪಾರ್ಸೆಲ್‌ಗೆ ಒಮ್ಮೆಲೇ ಅರ್ಧ ಬೆಲೆಯಷ್ಟು ಸುಂಕ.

ಇದರ ಜೊತೆ ಅಂಚೆಯೂ ಕೆಟ್ಟಿತು. ಪಾರ್ಸೆಲ್ ಕಳಿಸುವ ದೇಶದ ಅಂಚೆ ಇಲಾಖೆಗಳ ಹತ್ತಿರ ಅಮೆರಿಕದ ಸುಂಕವನ್ನು ಮೊದಲೇ ವಸೂಲಿ ಮಾಡುವ ವ್ಯವಸ್ಥೆ ಇರಲಿಲ್ಲ. ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಅನ್ನುವುದೇ ಸ್ಪಷ್ಟವಿರಲಿಲ್ಲ. ಹಾಗಾಗಿ ಹಲವು ದೇಶಗಳು ಅಮೆರಿಕದ ಅಂಚೆಯನ್ನೇ ನಿಲ್ಲಿಸಿದವು. ಆಗಸ್ಟ್ 22ಕ್ಕೆ ಹೋಲಿಸಿದರೆ ಆಗಸ್ಟ್ 29ರಂದು ಅಮೆರಿಕಕ್ಕೆ ಹೋಗುವ ಅಂಚೆ ಶೇ. 81ರಷ್ಟು ಕುಸಿಯಿತು, 88 ಅಂಚೆ ಸಂಸ್ಥೆಗಳು ಸೇವೆ ನಿಲ್ಲಿಸಿದವು ಎಂದು ಜಾಗತಿಕ ಅಂಚೆ ಒಕ್ಕೂಟ ಲೆಕ್ಕ ಕೊಟ್ಟಿತು. ಭಾರತೀಯ ಅಂಚೆಯೂ ಆಗಸ್ಟ್ 25ರಿಂದ ಹೆಚ್ಚಿನ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು. ಆದರೆ ಹೊಸ ಪದ್ಧತಿಯಲ್ಲಿ. ಸುಂಕವನ್ನು ಇಲ್ಲಿ ಬುಕ್ ಮಾಡುವಾಗಲೇ ಕಟ್ಟಬೇಕು.

ಆ ಶೇ. 50 ಈಗಲೂ ಹಾಗೇ ಇದೆ ಅಂತ ತಿಳಿಯಬೇಡಿ. ಅಮೆರಿಕದ ದರ ನಿಂತ ನೀರಲ್ಲ. ಆದ್ದರಿಂದ ಇಲ್ಲಿ ಇವತ್ತಿನ ದರ ಬರೆದು ನಿಮ್ಮನ್ನು ತಪ್ಪು ದಾರಿಗೆ ಎಳೆಯುವುದಿಲ್ಲ. ಯಾವ ದರ ಬಂದರೂ ಲೆಕ್ಕ ಹಾಕುವ ಕ್ರಮ ಹೇಳುತ್ತೇನೆ. ಒಂದನ್ನು ಮಾತ್ರ ಈಗಲೇ ನೆನಪಿಡಿ. ನೀವು ಕಳಿಸಿದ ದಿನದ ದರ ಅಲ್ಲ, ಮಾಲು ಅಲ್ಲಿ ಕಸ್ಟಮ್ಸ್ ಒಳಗೆ ಹೋಗುವ ದಿನದ ದರ ಲೆಕ್ಕಕ್ಕೆ ಬರುತ್ತದೆ. ನಾನು ಎಡವಿದ್ದು ಇಲ್ಲೇ.

ಹಂತ 1: ನಿಮ್ಮ ವಸ್ತು ಅಲ್ಲಿಗೆ ಹೋಗಬಹುದಾ?

ಸುಂಕದ ಲೆಕ್ಕಕ್ಕೂ ಮೊದಲು ಇದನ್ನು ನೋಡಿ. ಎಷ್ಟು ಸುಂಕ ಕಟ್ಟಿದರೂ ಒಳಗೆ ಬಿಡದ ವಸ್ತುಗಳು ಉಂಟು.

ನಮ್ಮ ಊರಿಗೆ ಹತ್ತಿರದ ಉದಾಹರಣೆ ಹಾಳೆ ತಟ್ಟೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳ ಮೇಲೆ ಆಮದು ಎಚ್ಚರಿಕೆ ಹೊರಡಿಸಿತು. ಅಡಿಕೆಯ ಅಂಶ ಊಟಕ್ಕೆ ಇಳಿಯಬಹುದು ಅನ್ನುವುದು ಅವರ ಆಕ್ಷೇಪ. ಇಂಥ ಮಾಲನ್ನು ಬಂದರಿನಲ್ಲಿ ಪರೀಕ್ಷೆ ಕೂಡ ಮಾಡದೆ ತಡೆಹಿಡಿಯಬಹುದು. ಅಡಿಕೆ ತೋಟದ ನಡುವೆ ಬೆಳೆದ ನನಗೆ ಇದು ನೋವಿನ ಸುದ್ದಿ. ತೋಟದಲ್ಲಿ ಬಿದ್ದ ಹಾಳೆಯನ್ನು ಆಯ್ದು ತಟ್ಟೆ ಒತ್ತಿ ಮನೆ ನಡೆಸುವ ಹೆಂಗಸರು ನಮ್ಮ ಸುತ್ತ ಇದ್ದಾರೆ. ಆದರೂ ಹೇಳಲೇಬೇಕು: ಆ ಎಚ್ಚರಿಕೆ ಇರುವ ತನಕ ಹಾಳೆ ತಟ್ಟೆಯನ್ನು ಅಮೆರಿಕಕ್ಕೆ ಕಳಿಸಬೇಡಿ. 'ಅಲಂಕಾರಕ್ಕೆ' ಅಂತ ಸುಳ್ಳು ಬರೆದು ಕಳಿಸುವುದಂತೂ ಬೇಡವೇ ಬೇಡ.

ತಿಂಡಿಯ ಕತೆಯೂ ಹೀಗೇ. ಹಲಸಿನ ಹಪ್ಪಳ, ಮಾಂಬಳ, ಉಪ್ಪಿನಕಾಯಿಗೆ ಪರದೇಶದಲ್ಲಿರುವ ನಮ್ಮವರು ಕಾದು ಕೂತಿರುತ್ತಾರೆ ನಿಜ. ಆದರೆ ಅಮೆರಿಕಕ್ಕೆ ವ್ಯಾಪಾರವಾಗಿ ಆಹಾರ ಕಳಿಸಲು ತಯಾರಿಸುವ ಜಾಗವನ್ನು ಎಫ್‌ಡಿಎಯಲ್ಲಿ ನೋಂದಾಯಿಸಬೇಕು. ಪಾರ್ಸೆಲ್ ಬರುವ ಮೊದಲೇ ಮುನ್ಸೂಚನೆ ಕೊಡಬೇಕು. ಹೊಸದಾಗಿ ಶುರು ಮಾಡುವವರು ತಿಂಡಿಯಿಂದ ಶುರು ಮಾಡಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಹಂತ 2: ಎಚ್‌ಎಸ್ ಕೋಡ್ ಹುಡುಕಿ

ಪ್ರಪಂಚದ ಪ್ರತಿ ಬಗೆಯ ಮಾಲಿಗೂ ಎಚ್‌ಎಸ್ ಕೋಡ್ ಅನ್ನುವ ಒಂದು ಸಂಖ್ಯೆ ಉಂಟು. ಸಂಖ್ಯೆಯ ಮೊದಲ 2 ಅಂಕಿಗೆ ಅಧ್ಯಾಯ ಅನ್ನುತ್ತಾರೆ. ಅದರ ಮೊದಲ 6 ಅಂಕಿ ಹೆಚ್ಚುಕಮ್ಮಿ ಎಲ್ಲ ದೇಶಗಳಲ್ಲೂ ಒಂದೇ. ಆಮೇಲೆ ಭಾರತ 8 ಅಂಕಿಯವರೆಗೆ ಹೋಗುತ್ತದೆ, ಅಮೆರಿಕ 10ರವರೆಗೆ. ಮೂಲ ಸುಂಕ ನಿಂತಿರುವುದು ಈ ಸಂಖ್ಯೆಯ ಮೇಲೆ.

ಇದನ್ನು ಊಹಿಸಿ ಬರೆಯುವುದು ದೊಡ್ಡ ತಪ್ಪು. ಮೊದಲು ನಾನು ಗೆರಟೆ ಬಟ್ಟಲನ್ನು ಮರದ ಸಾಮಾನು ಅಂದುಕೊಂಡು 44ನೇ ಅಧ್ಯಾಯದಲ್ಲಿ ಹುಡುಕಿದೆ. ಗೆರಟೆ ಮರ ಅಲ್ವಲ್ಲ! ಕೆತ್ತಿ ರೂಪ ಕೊಟ್ಟ ಸಸ್ಯಮೂಲದ ಗಟ್ಟಿ ವಸ್ತುಗಳು 96ನೇ ಅಧ್ಯಾಯದಲ್ಲಿ ಬರುತ್ತವೆ. ಬಟ್ಟೆಯಲ್ಲಿ ಇನ್ನೂ ಗೊಂದಲ. ಕಾಸರಗೋಡು ಸೀರೆ ನೇಯ್ದು ಹಾಗೇ ಇದ್ದರೆ ನಮ್ಮ ಸುಂಕದ ಪುಸ್ತಕದಲ್ಲಿ 52ನೇ ಅಧ್ಯಾಯದ ಹತ್ತಿ ಬಟ್ಟೆ. ಅದೇ ಬಟ್ಟೆಯಲ್ಲಿ ರವಕೆ ಹೊಲಿದರೆ 62ನೇ ಅಧ್ಯಾಯದ ಉಡುಪು. ಹೆಣೆದ ಬಟ್ಟೆಯ ಉಡುಪಾದರೆ 61. ಹತ್ತಿಯ ಟೀ ಶರ್ಟಿಗೆ ಅಮೆರಿಕದ ಮೂಲ ಸುಂಕವೇ ಶೇ. 16.5. ಮೇಲೆ ಹಾಕುವ ಹೊಸ ಸುಂಕ ಇದರ ಜೊತೆ ಸೇರುತ್ತದೆ.

ಹುಡುಕುವುದು ಹೀಗೆ. ಅಮೆರಿಕದ ಇಂಟರ್‌ನ್ಯಾಷನಲ್ ಟ್ರೇಡ್ ಕಮಿಷನ್ ತನ್ನ ತಾಣದಲ್ಲಿ ಪೂರ್ತಿ ಸುಂಕದ ಪುಸ್ತಕವನ್ನು ಉಚಿತವಾಗಿ ಇಟ್ಟಿದೆ. ಅದಕ್ಕೆ ಎಚ್‌ಟಿಎಸ್ ಅನ್ನುತ್ತಾರೆ. ವಸ್ತುವಿನ ಹೆಸರು ಹಾಕಿ ಹುಡುಕಿ. ಸಂಶಯ ಬಂದರೆ ಅಮೆರಿಕದ ಕಸ್ಟಮ್ಸ್ ನಡೆಸುವ ಕ್ರಾಸ್ ಎನ್ನುವ ತಾಣಕ್ಕೆ ಹೋಗಿ. ಹಿಂದೆ ಯಾರೋ ನಿಮ್ಮಂಥದ್ದೇ ವಸ್ತುವಿನ ಬಗ್ಗೆ ಕೇಳಿದ್ದು, ಅಧಿಕಾರಿ ಕೊಟ್ಟ ತೀರ್ಮಾನ, ಎರಡೂ ಅಲ್ಲಿ ಸಿಗುತ್ತವೆ. ಅದನ್ನು ಓದಲು ನನಗೆ ಒಂದು ಸಂಜೆ ಹಿಡಿಯಿತು. ಆ ಸಂಜೆ ದುಡಿದು ಕೊಟ್ಟಷ್ಟು ಇನ್ಯಾವುದೂ ಕೊಟ್ಟಿಲ್ಲ.

ವಿವರಣೆಯನ್ನೂ ಬಿಡಿಸಿ ಬರೆಯಿರಿ. 'ಕರಕುಶಲ ವಸ್ತು' ಅಂತ ಮಾತ್ರ ಬರೆದರೆ ಅಲ್ಲಿನ ಅಧಿಕಾರಿಗೆ ಏನೂ ಗೊತ್ತಾಗುವುದಿಲ್ಲ. 'ತೆಂಗಿನ ಗೆರಟೆಯ ಬಟ್ಟಲು, ಕೈಯಲ್ಲಿ ಮಾಡಿದ್ದು, 2 ತುಂಡು, ಭಾರತದಲ್ಲಿ ತಯಾರಾದದ್ದು' ಅಂತ ಇಂಗ್ಲಿಷಿನಲ್ಲಿ ಪೂರ್ತಿ ಬರೆಯಿರಿ.

ಹಂತ 3: ಬಾಗಿಲಿಗೆ ಮುಟ್ಟುವ ಬೆಲೆ ಲೆಕ್ಕ ಹಾಕಿ

ಈ ಹಂತಕ್ಕೆ ಪೆನ್ನು ಕಾಗದ ತಗೊಂಡು ಕೂತುಕೊಳ್ಳಿ.

ಒಂದು ಜೊತೆ ಬಟ್ಟಲಿಗೆ 40 ಡಾಲರ್, ಸಾಗಣೆಗೆ 18 ಡಾಲರ್ ಅಂತ ಇಟ್ಟುಕೊಳ್ಳೋಣ. ಗಿರಾಕಿ ಕೊಡುವುದು 58. ಎಟ್ಸಿಯ ವ್ಯವಹಾರ ಶುಲ್ಕ ಶೇ. 6.5, ಅದೂ ಸಾಗಣೆ ಸೇರಿಸಿದ ಮೊತ್ತದ ಮೇಲೆ. ಅಂದರೆ ಸುಮಾರು 3.77 ಡಾಲರ್. ಸಾಗಣೆ 18 ಹೋಯಿತು. ಸಾಮಾನು, ಕೂಲಿ, ಪ್ಯಾಕಿಂಗ್ ಸೇರಿ 14 ಅನ್ನಿ. ಉಳಿಯುವುದು ಸುಮಾರು 22. ಇದರಲ್ಲಿ ಹಣ ವರ್ಗಾವಣೆಯ ಶುಲ್ಕ ಇನ್ನೂ ಕಳೆಯಬೇಕು.

ಈಗ ಸುಂಕ ಸೇರಿಸಿ. ದರ ಶೇ. 10 ಆದರೆ 4 ಡಾಲರ್, ಉಳಿಕೆ 18. ಶೇ. 25 ಆದರೆ 10 ಡಾಲರ್, ಉಳಿಕೆ 12. ಶೇ. 50 ಆದರೆ 20 ಡಾಲರ್, ಉಳಿಕೆ 2. ಸುಂಕವನ್ನು ನಿಮ್ಮ ಪರವಾಗಿ ಕಟ್ಟುವ ಕೊರಿಯರ್ ತನ್ನ ಕೆಲಸಕ್ಕೆ ಒಂದು ಶುಲ್ಕ ಹಾಕುತ್ತದೆ. ಅದು 5 ಡಾಲರ್ ಆದರೂ ಶೇ. 50ರ ಕಾಲದಲ್ಲಿ ನೀವು 3 ಡಾಲರ್ ಕೈಯಿಂದ ಹಾಕಿದಂತೆ ಆಯಿತು.

ಇಲ್ಲಿ ಮೂರು ಗುಂಡಿಗಳಿವೆ. ಮೂರರಲ್ಲೂ ಬಿದ್ದವರನ್ನು ನೋಡಿದ್ದೇನೆ.

ಮೊದಲನೆಯದು 'ಫ್ರೀ ಶಿಪ್ಪಿಂಗ್'. ಗಿರಾಕಿಗೆ ಚಂದ ಕಾಣಲಿ ಅಂತ 58 ಡಾಲರ್ ಬೆಲೆ ಹಾಕಿ ಸಾಗಣೆ ಉಚಿತ ಅಂತ ಬರೆಯುತ್ತೇವೆ. ಆಗ ವಸ್ತುವಿನ ಬೆಲೆಯೇ 58 ಆಗುತ್ತದೆ. ಅಮೆರಿಕ ಸುಂಕ ಹಾಕುವುದು ವಸ್ತುವಿನ ಬೆಲೆಯ ಮೇಲೆ, ಸಮುದ್ರ ದಾಟಿಸುವ ಖರ್ಚಿನ ಮೇಲೆ ಅಲ್ಲ. ಶೇ. 50ರಲ್ಲಿ 40ಕ್ಕೆ 20 ಡಾಲರ್ ಸುಂಕ, 58ಕ್ಕೆ 29. ಸುಮ್ನೆ 9 ಡಾಲರ್ ಹೋಯಿತು. ಆದ್ದರಿಂದ ಸಾಗಣೆಯನ್ನು ಬೇರೆಯಾಗಿ ತೋರಿಸಿ, ಅಂಗಡಿಯಲ್ಲೂ ಇನ್‌ವಾಯ್ಸ್‌ನಲ್ಲೂ.

ಎರಡನೆಯದು ಸುಂಕವನ್ನು ಬೆಲೆಗೆ ಸೇರಿಸುವಾಗಿನ ತಪ್ಪು. ಸುಂಕ 20 ಆಗುತ್ತದೆ ಅಂತ ಬೆಲೆಯನ್ನು 40ರಿಂದ 60ಕ್ಕೆ ಏರಿಸುತ್ತೇವೆ. ಈಗ ವಸ್ತುವಿನ ಬೆಲೆ 60. ಸುಂಕ 30! ಏರಿಸಿದ್ದಕ್ಕೂ ಸುಂಕ ಬಿತ್ತು. ಬೆಲೆಯೊಳಗೇ ಸುಂಕ ಸೇರಿಸುವುದಾದರೆ ಲೆಕ್ಕ ಬೇರೆ. ನಿಮಗೆ ಉಳಿಯಬೇಕಾದ ಮೊತ್ತವನ್ನು, ಒಂದರಿಂದ ದರ ಕಳೆದು ಬಂದದ್ದರಿಂದ ಭಾಗಿಸಬೇಕು. ದರ ಶೇ. 25 ಆದರೆ 40 ಭಾಗಿಸು 0.75, ಅಂದರೆ 53.33. ಶೇ. 50 ಆದರೆ 40 ಭಾಗಿಸು 0.5, ಅಂದರೆ 80. ಇದು ಗಿರಾಕಿಗೆ ಭಾರ. ಅದಕ್ಕಿಂತ ಸುಂಕವನ್ನು ಬೇರೆ ಸಾಲಿನಲ್ಲಿ ತೋರಿಸುವುದು ಒಳ್ಳೆಯದು. ಸಾಗಣೆ, ಸುಂಕಗಳನ್ನು ಇನ್‌ವಾಯ್ಸ್‌ನಲ್ಲಿ ಪ್ರತ್ಯೇಕವಾಗಿ ಗುರುತಿಸಿದ್ದರೆ ಅವನ್ನು ವಸ್ತುವಿನ ಮೌಲ್ಯದಿಂದ ಬಿಡಲು ಅಮೆರಿಕದ ನಿಯಮದಲ್ಲಿ ದಾರಿ ಇದೆ.

ಮೂರನೆಯದು ಒಂಟಿ ಪಾರ್ಸೆಲ್. ಕೊರಿಯರ್‌ನ ಶುಲ್ಕ ಪಾರ್ಸೆಲ್ ಒಂದಕ್ಕೆ ಇಷ್ಟು ಅಂತ ಇರುತ್ತದೆ. 40 ಡಾಲರ್ ಮಾಲಿಗೆ 5 ಡಾಲರ್ ಅಂದರೆ ಶೇ. 12.5. ಅದೇ 120 ಡಾಲರ್ ಮಾಲಿಗೆ ಶೇ. 4 ಚಿಲ್ಲರೆ. ಹಾಗಾಗಿ ಈಗ ನಾವು ಬಿಡಿ ಬಟ್ಟಲು ಮಾರುವುದನ್ನು ಕಮ್ಮಿ ಮಾಡಿ, ಬಟ್ಟಲು, ಸೌಟು, ಲೋಟ ಸೇರಿಸಿ ಸೆಟ್ ಮಾಡಿದ್ದೇವೆ. ಗೆರಟೆ ಒಂದರೊಳಗೊಂದು ಕೂರುವುದರಿಂದ ಪೆಟ್ಟಿಗೆಯೂ ಜಾಸ್ತಿ ದೊಡ್ಡದಾಗುವುದಿಲ್ಲ.

ಬೆಲೆ ಕಮ್ಮಿ ಬರೆದು ಸುಂಕ ಉಳಿಸುವ ಸಲಹೆ ಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. 'ಗಿಫ್ಟ್ ಅಂತ ಬರಿ ಮಾರಾಯ' ಅನ್ನುತ್ತಾರೆ. ಮಾಡಬೇಡಿ. 100 ಡಾಲರ್‌ವರೆಗಿನ ಉಡುಗೊರೆಗೆ ಇರುವ ವಿನಾಯಿತಿ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಕೊಡುವ ನಿಜವಾದ ಉಡುಗೊರೆಗೆ ಮಾತ್ರ. ಎಟ್ಸಿಯಲ್ಲಿ ಹಣ ತಗೊಂಡದ್ದು ಉಡುಗೊರೆ ಆಗುವುದಿಲ್ಲ. ಸಿಕ್ಕಿಬಿದ್ದರೆ ಮಾಲೂ ಹೋಗುತ್ತದೆ, ಅಂಗಡಿಯೂ ಹೋಗುತ್ತದೆ.

ಹಂತ 4: ಡಿಡಿಪಿಯೋ ಡಿಎಪಿಯೋ?

ಡಿಡಿಪಿ ಅಂದರೆ ಸುಂಕವನ್ನು ಕಳಿಸುವವನೇ ಕಟ್ಟಿ ಕಳಿಸುವುದು. ಡಿಎಪಿ ಅಂದರೆ ಪಡೆಯುವವನು ಅಲ್ಲಿ ಕಟ್ಟುವುದು. ಕೊರಿಯರ್ ಬುಕ್ ಮಾಡುವಾಗ ಈ ಆಯ್ಕೆ ಎಲ್ಲೋ ಒಂದು ಮೂಲೆಯಲ್ಲಿ ಇರುತ್ತದೆ. ಏನೂ ಹೇಳದಿದ್ದರೆ ಸಾಮಾನ್ಯವಾಗಿ ಡಿಎಪಿಯಲ್ಲೇ ಹೋಗುತ್ತದೆ. ನನ್ನ ಬಟ್ಟಲು ಹೋದದ್ದು ಹಾಗೇ.

ನನ್ನ ತೀರ್ಮಾನ ಖಡಾಖಂಡಿತ. ಸಣ್ಣ ಮಾರಾಟಗಾರರು ಅಮೆರಿಕಕ್ಕೆ ಡಿಡಿಪಿ ಬಿಟ್ಟು ಬೇರೆ ಯಾವುದರಲ್ಲೂ ಕಳಿಸಬಾರದು. ಕೊರಿಯರ್‌ನಿಂದ ಬರಹದಲ್ಲಿ ಕೇಳಿ: ಡಿಡಿಪಿ ಶುಲ್ಕ ಎಷ್ಟು? ಸುಂಕ ಅಂದಾಜಿಗಿಂತ ಜಾಸ್ತಿ ಬಂದರೆ ಯಾರ ಖಾತೆಗೆ? ವಾಪಸ್ ಬಂದರೆ ಎಷ್ಟು? ಈ ಮೂರಕ್ಕೆ ಉತ್ತರ ಕೊಡದ ಏಜೆಂಟರನ್ನು ಬಿಟ್ಟುಬಿಡಿ.

ಹಂತ 5: ನಮ್ಮ ಕಡೆಯ ಕಾಗದ

ಬೇಕಾದದ್ದು ಇವು. ಕೇಂದ್ರ ಸರಕಾರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿ ಆಮದು ರಫ್ತು ಮಾಡುವವರಿಗೆ ಕೊಡುವ ಐಇಸಿ ಸಂಖ್ಯೆ, ಶುಲ್ಕ 500 ರೂಪಾಯಿ, ಆನ್‌ಲೈನ್‌ನಲ್ಲೇ ಆಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು, ಬದಲಾವಣೆ ಏನೂ ಇಲ್ಲದಿದ್ದರೂ. ಬ್ಯಾಂಕಿನಿಂದ ಎಡಿ ಕೋಡ್, ಅಂದರೆ ರಫ್ತಿನ ಹಣ ಬರುವ ಬ್ಯಾಂಕನ್ನು ಕಸ್ಟಮ್ಸ್‌ಗೆ ತಿಳಿಸುವ ಸಂಖ್ಯೆ. ಜಿಎಸ್‌ಟಿ ಇದ್ದರೆ, ತೆರಿಗೆ ಕಟ್ಟದೆ ರಫ್ತು ಮಾಡಲು ಎಲ್‌ಯುಟಿ ಅನ್ನುವ ಮುಚ್ಚಳಿಕೆ. ಇದು ಒಂದು ಹಣಕಾಸು ವರ್ಷಕ್ಕೆ ಮಾತ್ರ. ಏಪ್ರಿಲ್ ಬಂದ ಕೂಡಲೇ ಹೊಸದು ಹಾಕಿ.

ಗಡಿನಾಡಿನವರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಉಂಟು. ನಮ್ಮ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇರುತ್ತದೆ. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಹೋದ ಇನ್ನೊಂದು, ಪಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿದ ಮತ್ತೊಂದು. ಊರಿನ ಹೆಸರೂ ಹಾಗೇ. ಕಾಸರಗೋಡು, ಬದಿಯಡ್ಕ, ಕುಂಬಳೆ, ಯಾವುದನ್ನು ತಗೊಂಡರೂ ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತ. ಮನುಷ್ಯ ಓದಿದರೆ ಅರ್ಥವಾಗುತ್ತದೆ, ಕಂಪ್ಯೂಟರ್ ಒಪ್ಪುವುದಿಲ್ಲ. ಅತ್ತಿಗೆಯ ಐಇಸಿ ಅರ್ಜಿ ಎರಡು ಸಲ ಬ್ಯಾಂಕ್ ಹೆಸರು ಹೊಂದಲಿಲ್ಲ ಅಂತ ನಿಂತಿತು. ಮೊದಲು ಪಾನ್, ಆಧಾರ್, ಬ್ಯಾಂಕ್ ಮೂರರಲ್ಲೂ ಒಂದೇ ಕಾಗುಣಿತ ಮಾಡಿಸಿ. ಆಮೇಲೆ ಉಳಿದದ್ದೆಲ್ಲ. ಪಾರ್ಸೆಲ್ ಮೇಲೆ ಊರಿನ ಹೆಸರನ್ನೂ ಐಇಸಿಯಲ್ಲಿ ಇದ್ದ ಹಾಗೇ ಬರೆಯಿರಿ.

ಇನ್ನೊಂದು ಗಡಿ ವಿಷಯ. ನಮ್ಮಲ್ಲಿ ಹೆಚ್ಚಿನವರ ವ್ಯವಹಾರ ಮಂಗಳೂರಿನಲ್ಲಿ. ಆದರೆ ಜಿಎಸ್‌ಟಿ ನೋಂದಣಿ ಕೇರಳದ್ದು. ಮಂಗಳೂರಿನ ಕೊರಿಯರ್ ಕಚೇರಿಯಲ್ಲಿ ಕೊಡುವಾಗ ಇನ್‌ವಾಯ್ಸ್‌ನಲ್ಲಿ ಕೇರಳದ ವಿಳಾಸ, ಕೇರಳದ ಜಿಎಸ್‌ಟಿ ಸಂಖ್ಯೆಯೇ ಇರಲಿ. ಅನುಕೂಲಕ್ಕೆ ಅಂತ ಮಂಗಳೂರಿನ ಭಾವನ ಮನೆ ವಿಳಾಸ ಹಾಕಬೇಡಿ.

ಹಂತ 6: ಅಂಚೆಯೋ ಕೊರಿಯರೋ?

ಕೊರಿಯರ್‌ನಲ್ಲಿ ಎರಡು ಬಗೆಯ ಶಿಪ್ಪಿಂಗ್ ಬಿಲ್, ಅಂದರೆ ನಮ್ಮ ಕಸ್ಟಮ್ಸ್‌ಗೆ ಕೊಡುವ ರಫ್ತಿನ ಕಾಗದ ಉಂಟು. ಉಡುಗೊರೆ, ಸ್ಯಾಂಪಲ್‌ಗೆ ಸಿಎಸ್‌ಬಿ-4. ಮಾರಾಟದ ಮಾಲಿಗೆ ಸಿಎಸ್‌ಬಿ-5. ಸುಲಭ ಅಂತ ಏಜೆಂಟರು ಮಾರಿದ ಮಾಲನ್ನೂ 4ರಲ್ಲಿ ಹಾಕಿಬಿಡುತ್ತಾರೆ. ಆಗ ನಿಮ್ಮ ರಫ್ತು ರಫ್ತಾಗಿ ದಾಖಲಾಗುವುದೇ ಇಲ್ಲ. ನಾಳೆ ಮಾಲು ವಾಪಸ್ ಬಂದರೆ 'ಇದು ನನ್ನದೇ' ಅನ್ನಲು ಪುರಾವೆ ಇರುವುದಿಲ್ಲ. 5ರಲ್ಲೇ ಹಾಕಿಸಿ. ಅದಕ್ಕೆ ಐಇಸಿ, ಎಡಿ ಕೋಡ್, ಜಿಎಸ್‌ಟಿ, ಎಲ್‌ಯುಟಿ ಕೇಳುತ್ತಾರೆ.

ಅಂಚೆಯಲ್ಲಿ ಪೋಸ್ಟಲ್ ಬಿಲ್ ಆಫ್ ಎಕ್ಸ್‌ಪೋರ್ಟ್ ತುಂಬಬೇಕು. 2022ರ ನಿಯಮದ ನಂತರ ಇದನ್ನು ಆನ್‌ಲೈನ್‌ನಲ್ಲಿ ಮಾಡಬಹುದು. ಡಾಕ್ ಘರ್ ನಿರ್ಯಾತ್ ಕೇಂದ್ರ ಅಂತ ಅಂಚೆ ಇಲಾಖೆ ದೇಶದಲ್ಲಿ ಸಾವಿರಕ್ಕೂ ಜಾಸ್ತಿ ಕಡೆ ರಫ್ತು ಕೌಂಟರ್ ತೆರೆದಿದೆ. ನಿಮಗೆ ಹತ್ತಿರದ್ದು ಯಾವುದು ಅಂತ ಕಾಸರಗೋಡು ಹೆಡ್ ಪೋಸ್ಟ್ ಆಫೀಸಿನಲ್ಲಿ ಕೇಳಿ. ಅಮೆರಿಕದ ವಿಷಯದಲ್ಲಿ ಅಂಚೆಗೆ ಒಂದು ಅನುಕೂಲ ಇತ್ತು. ಅಕ್ಟೋಬರ್ 2025ರ ವ್ಯವಸ್ಥೆಯಲ್ಲಿ ಅಂಚೆ ಪಾರ್ಸೆಲ್‌ಗೆ ಹೊಸ ಸುಂಕದ ಒಂದೇ ದರ, ವಸ್ತುವಾರು ಮೂಲ ಸುಂಕ ಬೇರೆ ಇರಲಿಲ್ಲ. ಕೊರಿಯರ್‌ನಲ್ಲಿ ಎರಡೂ ಬೀಳುತ್ತಿದ್ದವು. ಹೊಲಿದ ಬಟ್ಟೆ ಮಾರುವವರಿಗೆ ಇದು ದೊಡ್ಡ ವ್ಯತ್ಯಾಸವಾಗಿತ್ತು. ಬುಕ್ ಮಾಡುವ ದಿನ ಎರಡೂ ಕಡೆ ದರ ಕೇಳಿ ಹೋಲಿಸಿ.

ಕೊರಿಯರ್‌ನಲ್ಲಿ ತೂಕದ ಜೊತೆ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಕಿಲೋ ಲೆಕ್ಕ ಬರುತ್ತದೆ. ನಿಜವಾದ ತೂಕ, ಇದು, ಎರಡರಲ್ಲಿ ಜಾಸ್ತಿ ಯಾವುದೋ ಅದಕ್ಕೆ ಹಣ.

ಹಂತ 7: ತಡವಾದರೂ ಕೆಡದಂತೆ ಪ್ಯಾಕ್ ಮಾಡಿ

ಮೊದಲು 10 ದಿನಕ್ಕೆ ಮುಟ್ಟುತ್ತಿದ್ದ ಪಾರ್ಸೆಲ್ ಈಗ ಕಸ್ಟಮ್ಸ್‌ನಲ್ಲಿ ವಾರಗಟ್ಟಲೆ ಕೂತರೂ ಕೂತಿತು. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್, ಜುಲೈಯಲ್ಲಿ ಗೋಡೆಗೂ ಬೂಸು ಹಿಡಿಯುವ ಊರು ಇದು. ಆ ತೇವವನ್ನು ಒಳಗೆ ಕಟ್ಟಿ ಕಳಿಸಿದರೆ ಅಲ್ಲಿ ಪೆಟ್ಟಿಗೆ ಬಿಚ್ಚುವಾಗ ಬಿಳಿ ಬೂಸು. ಮಳೆಗಾಲದಲ್ಲಿ ನಾವು ಬಟ್ಟಲುಗಳನ್ನು ಕೊಬ್ಬರಿ ಒಣಗಿಸುವ ಡ್ರೈಯರ್‌ನಲ್ಲಿ ಹದ ಬಿಸಿಗೆ ಒಣಗಿಸಿ, ಪೂರ್ತಿ ಆರಿದ ಮೇಲೆ ಎಣ್ಣೆ ಹಚ್ಚಿ, ಸಿಲಿಕಾ ಜೆಲ್ ಹಾಕಿ ಮುಚ್ಚುತ್ತೇವೆ. ಬಿಸಿ ಜಾಸ್ತಿ ಆದರೆ ಗೆರಟೆ ಸೀಳುತ್ತದೆ, ಜೋಪಾನ. ಡ್ರೈಯರ್ ಬಗ್ಗೆ ತಿಳಿಯಬೇಕಾದರೆ ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ಇದ್ದೇ ಇದೆ. ಗೆರಟೆಯನ್ನೇ ಉರಿಸಿ ಕೊಬ್ಬರಿ ಒಣಗಿಸುವ ಡ್ರೈಯರ್‌ಗಳನ್ನು ರೂಪಿಸಿದ ಸಂಸ್ಥೆ ಅದು.

ಬೈಹುಲ್ಲು, ಒಣ ಎಲೆ ಹಾಕಿ ಪ್ಯಾಕ್ ಮಾಡಬೇಡಿ. ಕೀಟದ ಭಯಕ್ಕೆ ಹಲವು ದೇಶಗಳು ಅದನ್ನು ಒಳಗೆ ಬಿಡುವುದಿಲ್ಲ. ಆಸ್ಟ್ರೇಲಿಯಾ ಇದರಲ್ಲಿ ಬಹಳ ಕಟ್ಟುನಿಟ್ಟು.

ಹಂತ 8: ಗಿರಾಕಿಗೆ ಮೊದಲೇ ಹೇಳಿ

ಅಂಗಡಿಯ ಪುಟದಲ್ಲಿ, ಆರ್ಡರ್ ಬಂದ ಕೂಡಲೇ ಕಳಿಸುವ ಸಂದೇಶದಲ್ಲಿ, ಎರಡು ಕಡೆ ಬರೆಯಿರಿ. ನಾವು ಬರೆಯುವುದರ ಸಾರ ಇಷ್ಟು: 'ನೀವು ಕೊಟ್ಟ ಒಟ್ಟು ಹಣದಲ್ಲಿ ನಿಮ್ಮ ದೇಶದ ಆಮದು ಸುಂಕವೂ ಸೇರಿದೆ. ಬಾಗಿಲಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ, ನಮಗೆ ತಿಳಿಸಿ. ಕಸ್ಟಮ್ಸ್‌ನಲ್ಲಿ ತಡವಾದರೆ ವಾರಕ್ಕೊಮ್ಮೆ ನಾವೇ ತಿಳಿಸುತ್ತೇವೆ.' ಕೊನೆಯ ಮಾತನ್ನು ಬರೆದರೆ ಸಾಲದು, ನಡೆಸಬೇಕು. ಪ್ರತಿ ಶನಿವಾರ ನಾನು ಟ್ರ್ಯಾಕಿಂಗ್ ನೋಡಿ ಎಲ್ಲರಿಗೂ ಒಂದು ಸಾಲು ಕಳಿಸುತ್ತೇನೆ. ಸುದ್ದಿ ಏನೂ ಇಲ್ಲ ಅನ್ನುವುದನ್ನೂ ಕಳಿಸುತ್ತೇನೆ. ಹೀಗೆ ಮಾಡಿದ ಮೇಲೆ ತಡವಾಯಿತು ಅಂತ ಹಣ ವಾಪಸ್ ಕೇಳಿದವರು ಇಲ್ಲ.

ಹಂತ 9: ಒಂದೇ ಕೊಂಬೆಗೆ ಜೋತು ಬೀಳಬೇಡಿ

ನಮ್ಮ ಆರ್ಡರ್‌ಗಳಲ್ಲಿ ಮುಕ್ಕಾಲು ಪಾಲು ಅಮೆರಿಕದ್ದಾಗಿತ್ತು. ಹಾಗೆ ಇರಬಾರದಿತ್ತು.

ಕಾಸರಗೋಡಿಗೆ ಕೊಲ್ಲಿ ದೇಶಗಳು ದೂರವೇ ಅಲ್ಲ, ಮನೆಗೊಬ್ಬರು ಅಲ್ಲಿದ್ದಾರೆ. ಯುಎಇಯಲ್ಲಿ ಸಾಮಾನ್ಯ ಸುಂಕ ಶೇ. 5, ವ್ಯಾಟ್ ಶೇ. 5. ಭಾರತದ ಜೊತೆಗಿನ ಸೆಪಾ ಅನ್ನುವ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಮಾಲು ಭಾರತದ್ದೇ ಅನ್ನುವ ಮೂಲದ ಪ್ರಮಾಣಪತ್ರ ಇದ್ದರೆ ಅದರಡಿ ಸುಂಕ ರಿಯಾಯಿತಿ ಸಿಗುತ್ತದೆ. ಅಂಗಡಿಗೆ ಒಟ್ಟಾಗಿ ಕಳಿಸುವವರಿಗೆ ಇದು ಉಪಯೋಗ. ರಜೆಗೆ ಬಂದ ನೆಂಟರ ಬ್ಯಾಗಿನಲ್ಲಿ ಮಾರಾಟದ ಮಾಲು ಕಳಿಸುವ ಅಭ್ಯಾಸ ಮಾತ್ರ ಬೇಡ. ನೆಂಟರಿಗೆ ವಿಮಾನ ನಿಲ್ದಾಣದಲ್ಲಿ ತೊಂದರೆ, ನಿಮಗೆ ರಫ್ತಿನ ದಾಖಲೆ ಇಲ್ಲ.

ಬ್ರಿಟನ್‌ನಲ್ಲಿ 135 ಪೌಂಡ್‌ವರೆಗಿನ ಪಾರ್ಸೆಲ್‌ಗೆ ವ್ಯಾಟ್ ಅನ್ನು ಮಾರುವಾಗಲೇ ತಗೊಳ್ಳುವ ಕ್ರಮ 2021ರ ಜನವರಿಯಿಂದ ಇದೆ. ಎಟ್ಸಿ, ಅಮೆಜಾನ್‌ನಂಥ ತಾಣ ಅದನ್ನು ತಾನೇ ವಸೂಲಿ ಮಾಡಿ ಕಟ್ಟುತ್ತದೆ. ನಿಮ್ಮದೇ ವೆಬ್‌ಸೈಟ್‌ನಲ್ಲಿ ಮಾರಿದರೆ ನೀವೇ ಅಲ್ಲಿ ನೋಂದಾಯಿಸಬೇಕು. ಯುರೋಪಿನಲ್ಲಿ 2021ರ ಜುಲೈಯಿಂದ ಎಲ್ಲ ಪಾರ್ಸೆಲ್‌ಗೂ ವ್ಯಾಟ್ ಇದೆ. 150 ಯೂರೊವರೆಗೆ ಅದನ್ನು ಮಾರುವಾಗಲೇ ತಗೊಂಡು ಕಟ್ಟಲು ಐಒಎಸ್ಎಸ್ ಎನ್ನುವ ವ್ಯವಸ್ಥೆ. ತಾಣ ಕೊಡುವ ಐಒಎಸ್ಎಸ್ ಸಂಖ್ಯೆಯನ್ನು ಕೊರಿಯರ್‌ಗೆ ಕೊಡದೆ ಹೋದರೆ ಗಿರಾಕಿ ಎರಡು ಸಲ ವ್ಯಾಟ್ ಕಟ್ಟಬೇಕಾಗುತ್ತದೆ. ಇದನ್ನು ಮರೆಯುವವರು ಬಹಳ. 150 ಯೂರೊಗಿಂತ ಕೆಳಗಿನ ಪಾರ್ಸೆಲ್‌ನೊಳಗಿನ ಒಂದೊಂದು ಬಗೆಯ ವಸ್ತುವಿಗೆ 2026ರ ಜುಲೈ 1ರಿಂದ 3 ಯೂರೊ ಸುಂಕ ಹಾಕಲು ಯುರೋಪಿನ ದೇಶಗಳು 2025ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿವೆ. ಯುರೋಪಿನ ಬೆಲೆಪಟ್ಟಿಯಲ್ಲಿ ಅದಕ್ಕೂ ಜಾಗ ಇಡಿ.

ಹಂತ 10: ಪಾರ್ಸೆಲ್ ಸಿಕ್ಕಿಬಿದ್ದರೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಅಂತ ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು. ಕಸ್ಟಮ್ಸ್‌ಗೂ ಕೊರಿಯರ್‌ಗೂ ನಾವು ಬಡವರು, ಕೈಯಲ್ಲಿ ಮಾಡಿದ್ದು ಅಂತ ಉದ್ದ ಪತ್ರ ಬರೆದು ಫಲ ಇಲ್ಲ. ಅವರಿಗೆ ಬೇಕಾದದ್ದು ಕಾಗದ. ಇನ್‌ವಾಯ್ಸ್, ಗಿರಾಕಿ ಹಣ ಕೊಟ್ಟ ಪುರಾವೆ, ವಸ್ತುವಿನ ಫೋಟೊ, ಅದು ಯಾವುದರಿಂದ ಮಾಡಿದ್ದು ಅಂತ ಒಂದು ಸಾಲು, ಎಚ್‌ಎಸ್ ಕೋಡ್, ತಯಾರಾದ ದೇಶ. ಈ ಆರನ್ನೂ ಒಂದೇ ಪಿಡಿಎಫ್‌ನಲ್ಲಿ, ಕೇಳಿದ ದಿನವೇ ಕಳಿಸಿ. ನಾನು ಪ್ರತಿ ಆರ್ಡರ್‌ಗೂ ಪ್ಯಾಕ್ ಮಾಡುವಾಗಲೇ ಆ ಪಿಡಿಎಫ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳುತ್ತೇನೆ.

ಗಿರಾಕಿ ಬೇಡ ಅಂದರೆ ಮೂರು ದಾರಿ. ಸುಂಕ ನೀವೇ ಕಟ್ಟಿ ಮುಟ್ಟಿಸುವುದು, ವಾಪಸ್ ತರಿಸುವುದು, ಅಲ್ಲೇ ಬಿಡುವುದು. ಮೂರರ ಖರ್ಚನ್ನೂ ಬರಹದಲ್ಲಿ ಕೇಳಿ, ಹೋಲಿಸಿ. ಹೆಚ್ಚಾಗಿ ಸುಂಕ ಕಟ್ಟಿ ಮುಟ್ಟಿಸುವುದೇ ಕಮ್ಮಿ ನಷ್ಟ, ಗಿರಾಕಿಯೂ ಉಳಿಯುತ್ತಾರೆ. ಅವತ್ತು ನನಗೆ ಇದು ಹೊಳೆಯಲಿಲ್ಲ. ವಾಪಸ್ ತರಿಸುವುದಾದರೆ ಭಾರತಕ್ಕೆ ಬರುವಾಗ ಅದೂ ಆಮದೇ ಆಗುತ್ತದೆ. ಇಲ್ಲಿಂದಲೇ ಹೋದ ಮಾಲು, 3 ವರ್ಷದೊಳಗೆ ಹಿಂದೆ ಬಂದಿದೆ ಅಂತ ತೋರಿಸಿದರೆ ಸುಂಕದ ವಿನಾಯಿತಿ ಇದೆ. ತೋರಿಸಲು ಬೇಕಾದದ್ದು ಆ ಸಿಎಸ್‌ಬಿ-5 ಅಥವಾ ಅಂಚೆಯ ರಫ್ತು ಬಿಲ್.

ಹಣ ಬಂದ ಮೇಲೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ವಿದೇಶದಿಂದ ಬಂದ ಹಣಕ್ಕೆ ಬ್ಯಾಂಕಿನಿಂದಲೋ ಪಾವತಿ ಕಂಪನಿಯಿಂದಲೋ ರಶೀದಿ ಪಡೆದು, ಅದನ್ನು ಆಯಾ ರಫ್ತು ಬಿಲ್ಲಿಗೆ ಹೊಂದಿಸಬೇಕು. 10 ಲಕ್ಷ ರೂಪಾಯಿವರೆಗಿನ ಬಿಲ್ಲುಗಳನ್ನು ರಫ್ತುದಾರರ ಘೋಷಣೆಯ ಮೇಲೆಯೇ ಮುಗಿಸಲು 2025ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಬ್ಯಾಂಕಿನವರಿಗೆ ಗೊತ್ತಿಲ್ಲದಿದ್ದರೆ ಆ ಸುತ್ತೋಲೆಯನ್ನು ಪ್ರಿಂಟ್ ಮಾಡಿ ಕೊಂಡುಹೋಗಿ. ಮೂರು ತಿಂಗಳಿಗೊಮ್ಮೆ ಎಲ್ಲ ಬಿಲ್ಲುಗಳ ಪಟ್ಟಿ ಮಾಡಿ ಒಟ್ಟಿಗೆ ಕೊಟ್ಟರೆ ಆಯಿತು. ನಮ್ಮ ಮನೆಯಲ್ಲಿ ಆ ಪಟ್ಟಿ ಬರೆಯುವುದು ಈಗ ಅತ್ತಿಗೆಯೇ.